ಹಾಸ್ಟೆಲ್ ಮಂಚ ಓದುವ ಮೇಜಲ್ಲ

ಹೈದರಾಬಾದಿನ ದಿಲ್‌ಸುಖ್‌ನಗರ. ಮೆಟ್ರೋ ಇಳಿದರೆ ಸಾಕು, ಎತ್ತ ನೋಡಿದರೂ ಕೋಚಿಂಗ್ ಸೆಂಟರ್, ಹಾಸ್ಟೆಲ್ ಬೋರ್ಡು. ಬೀದರ್, ಕಲಬುರಗಿ, ರಾಯಚೂರು ಕಡೆಯ ನಮ್ಮ ಮಕ್ಕಳೂ ಇಲ್ಲಿ ಓದ್ತಾರೆ. ಹಗಲೆಲ್ಲ ಕ್ಲಾಸಿನ ಬೆಂಚು. ರಾತ್ರಿ ಹಾಸ್ಟೆಲ್ ಮಂಚ, ತೊಡೆ ಮೇಲೆ ಪುಸ್ತಕ, ಬಾಗಿದ ಬೆನ್ನು.

ತಲೆಯ ತೂಕ ಸುಮಾರು 5 ಕೆಜಿ. ಕತ್ತನ್ನು 60 ಡಿಗ್ರಿ ಬಗ್ಗಿಸಿದರೆ ಅದರ ಮೇಲೆ ಬೀಳೋ ಭಾರ ಸುಮಾರು 27 ಕೆಜಿ. 2014ರಲ್ಲಿ ಅಮೆರಿಕದ ಬೆನ್ನುಮೂಳೆ ಸರ್ಜನ್ ಕೆನೆತ್ ಹನ್ಸ್‌ರಾಜ್ ಕಂಪ್ಯೂಟರ್ ಮಾದರಿಯಿಂದ ತೆಗೆದ ಲೆಕ್ಕ ಇದು.

ಬೆನ್ನುಮೂಳೆಗಳ ನಡುವೆ ಮೆತ್ತೆಯಂಥ 23 ಡಿಸ್ಕ್ ಇವೆ. ದೊಡ್ಡವರಲ್ಲಿ ಇವುಗಳ ಒಳಭಾಗಕ್ಕೆ ರಕ್ತನಾಳವೇ ಇಲ್ಲ! ಪಕ್ಕದ ಮೂಳೆಯಿಂದ ನಿಧಾನವಾಗಿ ಜಿನುಗಿ ಬರೋದೇ ಅವಕ್ಕೆ ಆಹಾರ. ಮೈ ಅಲುಗಾಡಿ, ಭಾರ ಬಿದ್ದು ಬಿಟ್ಟು ಆಗ್ತಿದ್ದರೆ ಡಿಸ್ಕ್‌ಗೆ ಒಳ್ಳೇದು. ಗಂಟೆಗಟ್ಟಲೆ ಬಾಗಿ ಕೂತರೆ ಅದರ ನೀರಿನಂಶ ಹಿಂಡಿಹೋಗುತ್ತೆ, ಬೆನ್ನಿನ ಸ್ನಾಯುಗಳು ದಣಿಯುತ್ತವೆ.

ಒಂದು ರಾತ್ರಿ ಬಾಗಿ ಓದಿದರೆ ಬೆನ್ನು ಹಾಳಾಗಲ್ಲ, ಹೆದರಬೇಡಿ. ಡಿಸ್ಕ್ ಸವೆಯೋದಕ್ಕೆ ವಯಸ್ಸು, ವಂಶ, ಸಿಗರೇಟು ಕೂಡ ಕಾರಣ. ಆದರೆ ಅಲುಗಾಡದೆ ವರ್ಷಗಟ್ಟಲೆ ಹೀಗೇ ಕೂತರೆ ಬೆನ್ನುನೋವು ಬೇರೂರಬಹುದು.

ಅರ್ಧ ಗಂಟೆಗೊಮ್ಮೆ ಎದ್ದು ಕಾರಿಡಾರಿನಲ್ಲಿ ಎರಡು ಸುತ್ತು ನಡೀರಿ. ಪುಸ್ತಕ, ಮೊಬೈಲು ಕಣ್ಣಿನ ಹತ್ತಿರಕ್ಕೆ ಎತ್ತಿ ಹಿಡೀರಿ. ಅಪ್ಪ ಅಮ್ಮಂದಿರೇ, ಹಾಸ್ಟೆಲ್ ಸೇರಿಸುವಾಗ ಊಟದ ಜೊತೆ ಮೇಜು ಕುರ್ಚಿ ಇದೆಯಾ ಅಂತಾನೂ ಕೇಳಿ.

ಬೆನ್ನುನೋವಿನ ಜೊತೆ ಕಾಲಿನ ಶಕ್ತಿ ಕುಂದಿದರೆ, ತೊಡೆಸಂದು ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ, ಪರೀಕ್ಷೆ ಮುಗೀಲಿ ಅಂತ ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ.