ಹಳೆಯ ಅಂಬಾಸಡರಿಗೆ ಹೊಸ ಸೀಟ್ ಬೆಲ್ಟ್: ಕೊಳ್ಳುವ ಮೊದಲು ತಗಡು ನೋಡಿ

ಖಂಡೇನವಮಿಯ ಮುಂಜಾನೆ ಹುಬ್ಬಳ್ಳಿ-ಧಾರವಾಡದ ಹಳೆಯ ದಲಾಲಿ ಅಂಗಡಿಗಳ ಹಾಗೂ ಸಣ್ಣ ಕಾರ್ಖಾನೆಗಳ ಅಂಗಳದಲ್ಲಿ ತಕ್ಕಡಿ, ಲೇಥು, ಲಾರಿಗಳೊಡನೆ ಪೂಜೆಗೊಳ್ಳುವ ಸಾಲಿನಲ್ಲಿ ಇಂದಿಗೂ ಒಂದು ಅಂಬಾಸಡರ್ ಅಥವಾ ಪ್ರೀಮಿಯರ್ ಪದ್ಮಿನಿ ಕಾಣಸಿಗುವುದುಂಟು. ತೀರ್ಥರೂಪರು ಕೊಂಡ ಕಾರೆಂಬ ಅಭಿಮಾನದಿಂದ ಉಳಿಸಿಕೊಂಡ ಇಂತಹ ವಾಹನದ ಲೆಕ್ಕಪುಸ್ತಕದ ಮೌಲ್ಯ ಸವಕಳಿಯಲ್ಲಿ ಕರಗಿ ಹೆಚ್ಚುಕಡಿಮೆ ಶೂನ್ಯಕ್ಕೆ ಬಂದಿರುತ್ತದೆ. ಆದರೆ ಮದುವೆ ಮುಂಜಿವೆಗಳಿಗೆ, ಭಾನುವಾರದ ಊರ ಪ್ರಯಾಣಕ್ಕೆ ಅದೇ ಕಾರು ಹೊರಡುತ್ತದೆ. ಹಿಂದಿನ ಆಸನದಲ್ಲಿ ಮೊಮ್ಮಕ್ಕಳು ನಿಂತುಕೊಂಡೇ ಹೊರಗೆ ನೋಡುತ್ತಿರುತ್ತಾರೆ.

ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಶ್ರೇಣಿಯನ್ನು ಆಧರಿಸಿದ ಅಂಬಾಸಡರ್ 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಯಿತು. ನಮ್ಮ ದೇಶದಲ್ಲಿ ಹೊಸ ಕಾರುಗಳ ಮುಂದಿನ ಆಸನಗಳಿಗೆ ಬೆಲ್ಟ್ ಕಡ್ಡಾಯವಾದದ್ದು 1994ರ ಮಾರ್ಚ್‌ನಿಂದ. ಹಿಂದಿನ ಆಸನಗಳಿಗೆ 2002ರಿಂದ. ಕೇಂದ್ರ ಮೋಟಾರು ವಾಹನ ನಿಯಮಗಳ 138ನೆಯ ನಿಯಮವು ಬೆಲ್ಟ್ ಒದಗಿಸಲಾಗಿರುವ ವಾಹನದಲ್ಲಿ ಅದನ್ನು ಧರಿಸಬೇಕೆಂದು ಹೇಳುತ್ತದೆ. ಧರಿಸದಿದ್ದರೆ 2019ರ ತಿದ್ದುಪಡಿಯಿಂದ ಸೇರಿದ 194ಬಿ ಕಲಮಿನನ್ವಯ 1,000 ರೂಪಾಯಿ ದಂಡ. ಹೀಗಿರುವಾಗ 1980ರ ಕಾರಿಗೆ ಬೆಲ್ಟಿನ ಕಟ್ಟುಪಾಡಿಲ್ಲವೆಂದು ವಾದಿಸುವವರ ಮಾತು ಕಾನೂನಿನ ಮಟ್ಟಿಗೆ ಸುಳ್ಳಲ್ಲ.

ಲೆಕ್ಕ ಮಾತ್ರ ಬೇರೆಯದನ್ನು ಹೇಳುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಡಿಕ್ಕಿಯಲ್ಲಿ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ನಿಂತರೆ, 65 ಕಿಲೋ ತೂಕದ ವ್ಯಕ್ತಿಯನ್ನು ಅದರೊಡನೆ ನಿಲ್ಲಿಸಲು ಸುಮಾರು 900 ಕಿಲೋ ತೂಕಕ್ಕೆ ಸಮನಾದ ಬಲ ಬೇಕು. ಅಮರಗೋಳದ ಮಾರುಕಟ್ಟೆಯ ಭಾಷೆಯಲ್ಲಿ ಒಂಬತ್ತು ಕ್ವಿಂಟಲ್. ಅಷ್ಟನ್ನು ಡ್ಯಾಶ್‌ಬೋರ್ಡಿಗೆ ಕೈಯೂರಿ ತಡೆಯುತ್ತೇನೆನ್ನುವವರು ಒಮ್ಮೆ ಒಂದೇ ಚೀಲವನ್ನು ಎತ್ತಿ ನೋಡಬಹುದು. ಹಿಂದೆ ಕುಳಿತವರಿಗೂ ಈ ಲೆಕ್ಕದಿಂದ ವಿನಾಯಿತಿ ಇಲ್ಲ. ಟಾಟಾ ಸಮೂಹದ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಅಪಘಾತದಲ್ಲಿ ತೀರಿಕೊಂಡಾಗ ಅವರು ಇದ್ದದ್ದು ಆಧುನಿಕ ಮರ್ಸಿಡಿಸ್ ಕಾರಿನ ಹಿಂದಿನ ಆಸನದಲ್ಲಿ, ಬೆಲ್ಟ್ ಧರಿಸದೆ. ಅವಳಿ ನಗರದವರಿಗಂತೂ ಬಹುಕಾಲ ದ್ವಿಪಥವಾಗಿಯೇ ಉಳಿದಿದ್ದ ಬೈಪಾಸ್ ರಸ್ತೆಯ ನೆನಪು ಸಾಕು. 2021ರ ಜನವರಿ 15ರಂದು ಇಟ್ಟಿಗಟ್ಟಿ ಬಳಿ ಟೆಂಪೋ ಟ್ರಾವೆಲರ್ ಹಾಗೂ ಟಿಪ್ಪರ್ ಮುಖಾಮುಖಿಯಾಗಿ ಹತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ಮೂರು ಬಿಂದುಗಳ ಬೆಲ್ಟನ್ನು 1959ರಲ್ಲಿ ರೂಪಿಸಿದವರು ಸ್ವೀಡನ್ನಿನ ವೋಲ್ವೋ ಕಂಪನಿಯ ನಿಲ್ಸ್ ಬೊಹ್ಲಿನ್. ಅದಕ್ಕೂ ಮುನ್ನ ಅವರು ಯುದ್ಧವಿಮಾನಗಳ ಜಿಗಿತದ ಆಸನಗಳನ್ನು ರೂಪಿಸುತ್ತಿದ್ದರು. ಪೇಟೆಂಟನ್ನು ಕಂಪನಿಯು ಎಲ್ಲ ತಯಾರಕರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ಉದ್ಯಮದಲ್ಲಿ ಅಪರೂಪದ ನಡೆ. ಆರಂಭದ ಬೆಲ್ಟುಗಳು ಸುರುಳಿಯಿಲ್ಲದವು. ಪ್ರತಿ ಸಲವೂ ಮೈಗೆ ತಕ್ಕಂತೆ ಬಿಗಿಗೊಳಿಸಬೇಕಾದ್ದರಿಂದ ಜನ ಸಡಿಲವಾಗಿಯೇ ಬಿಡುತ್ತಿದ್ದರು, ಇಲ್ಲವೇ ಹಾಕಿಕೊಳ್ಳುತ್ತಲೇ ಇರಲಿಲ್ಲ. ಇಂದಿನ ಸುರುಳಿ ಬೆಲ್ಟ್ ಸ್ಪ್ರಿಂಗಿನ ಬಲದಿಂದ ತಾನೇ ಮೈಗೆ ಹೊಂದಿಕೊಳ್ಳುತ್ತದೆ. ಹಳೆಯ ಕಾರಿಗೂ ಇದೇ ಯೋಗ್ಯ.

ಆದರೆ ಸುರುಳಿಯ ಡಬ್ಬಿಯ ಒಳಗುಟ್ಟನ್ನು ಅರಿಯದೆ ಜೋಡಿಸಿದರೆ ಹಣ ವ್ಯರ್ಥ. ಅದರಲ್ಲಿ ಎರಡು ಬೀಗಗಳಿರುತ್ತವೆ. ಪಟ್ಟಿಯನ್ನು ಸರ್ರನೆ ಎಳೆದಾಗ ಹಿಡಿಯುವುದು ಒಂದು. ಕಾರು ಥಟ್ಟನೆ ನಿಧಾನಗೊಂಡಾಗ ಅಥವಾ ವಾಲಿದಾಗ ಹಿಡಿಯುವುದು ಇನ್ನೊಂದು. ಇದರಲ್ಲಿ ಸಣ್ಣ ಗುಂಡು ಅಥವಾ ಲೋಲಕವೊಂದು ಸರಿದು ಹಲ್ಲುಚಕ್ರವನ್ನು ತಡೆಯುತ್ತದೆ. ಈ ಗುಂಡು ನೆಲದ ಸೆಳೆತವನ್ನು ನಂಬಿ ಕೆಲಸಮಾಡುವುದರಿಂದ ತಯಾರಕರು ಹೇಳಿದ ಕೋನದಲ್ಲಿಯೇ ಡಬ್ಬಿ ನಿಲ್ಲಬೇಕು. ಬೇರೆ ಕಾರಿಗಾಗಿ ರೂಪಿಸಿದ ಡಬ್ಬಿಯನ್ನು ಅಂಬಾಸಡರಿನ ನಡುಗಂಬದ ಬುಡದಲ್ಲಿ ಓರೆಯಾಗಿ ಕೂಡಿಸಿದರೆ ಒಂದೋ ಬೆಲ್ಟ್ ಹೊರಗೆ ಬರುವುದೇ ಇಲ್ಲ, ಇಲ್ಲವೇ ಬೇಕಾದ ಗಳಿಗೆಯಲ್ಲಿ ಆ ಬೀಗ ತಡವಾಗಿ ಬೀಳುತ್ತದೆ. ಕೊಳ್ಳುವಾಗಲೇ ಡಬ್ಬಿಯನ್ನು ಕೈಯಲ್ಲಿ ಹಿಡಿದು, ಕಾರಿನಲ್ಲಿ ಅದು ಕೂಡಬೇಕಾದ ಕೋನದಲ್ಲಿ ಪಟ್ಟಿ ಸರಾಗವಾಗಿ ಬರುವುದೇ, ಓರೆ ಮಾಡಿದೊಡನೆ ಬಿಗಿಯುವುದೇ ಎಂದು ನೋಡುವುದು ಜಾಣತನ.

ಇದಕ್ಕಿಂತಲೂ ದೊಡ್ಡ ಪ್ರಶ್ನೆ ಬೆಲ್ಟನ್ನು ಹಿಡಿಯುವ ತಗಡಿನದು. ವಾಹನ ತಯಾರಕರು ಪಾಲಿಸುವ ಅಂತಾರಾಷ್ಟ್ರೀಯ ಪರೀಕ್ಷೆಯಲ್ಲಿ ಕಾರಿನ ಬೆಲ್ಟ್ ಬಿಂದುಗಳ ಮೇಲೆ ಎದೆಯ ಪಟ್ಟಿಗೂ ಸೊಂಟದ ಪಟ್ಟಿಗೂ ತಲಾ 13,500 ನ್ಯೂಟನ್, ಅಂದರೆ ಸುಮಾರು 1,370 ಕಿಲೋ ತೂಕಕ್ಕೆ ಸಮನಾದ ಎಳೆತ ಹಾಕುತ್ತಾರೆ. ಅಂಬಾಸಡರಿಗೆ ಪ್ರತ್ಯೇಕ ಚಾಸಿಯಿಲ್ಲ. ದೇಹವೇ ಅದರ ಬಲ. ನಲವತ್ತು ಮಳೆಗಾಲ ಕಂಡ ಕಾರಿನಲ್ಲಿ ಮ್ಯಾಟಿನ ಅಡಿಯ ನೆಲ, ಬಾಗಿಲ ಕೆಳಗಿನ ಪಟ್ಟಿ, ನಡುಗಂಬದ ಬುಡ ತುಕ್ಕು ಹಿಡಿದಿರುವುದು ಸಾಮಾನ್ಯ. ಅದರ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ ಹೊರಗೆ ಏನೂ ತೋರದು. ಅಂತಹ ಕಡೆ ರಂಧ್ರ ಕೊರೆದು ಸಾದಾ ವಾಶರ್ ಇಟ್ಟು ಬೋಲ್ಟು ಬಿಗಿದರೆ, ಡಿಕ್ಕಿಯಲ್ಲಿ ಬೋಲ್ಟು ವಾಶರ್ ಸಮೇತ ಕಿತ್ತು ಬರುತ್ತದೆ. ಬೆಲ್ಟ್ ಇದೆಯೆಂಬ ಧೈರ್ಯವೊಂದೇ ಉಳಿದು ರಕ್ಷಣೆ ಇಲ್ಲದಂತಾಗುತ್ತದೆ.

ಆದ್ದರಿಂದ ಮೊದಲ ಖರ್ಚು ಟಿಂಕರಿಂಗಿಗೆ. ತುಕ್ಕನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿ, ಪ್ರತಿ ಬಿಂದುವಿನ ಹಿಂದೆ ಅಂಗೈಯಗಲದ, ಕನಿಷ್ಠ 3 ಮಿಲಿಮೀಟರ್ ದಪ್ಪದ ಉಕ್ಕಿನ ಫಲಕವನ್ನು ಅಂಚುಗಳನ್ನು ದುಂಡಾಗಿಸಿ ಕೂಡಿಸಬೇಕು. ಬೆಲ್ಟುಗಳ ಬೋಲ್ಟು ಸಾಮಾನ್ಯವಾಗಿ 7/16 ಇಂಚಿನದು, ಇಂಚಿಗೆ 20 ಹಲ್ಲಿನ ಯುಎನ್‌ಎಫ್ ಎಳೆಯದು. ಅದರ ಬದಲು ಕೈಗೆ ಸಿಕ್ಕ ಬೋಲ್ಟನ್ನು ಬಳಸಲಾಗದು. ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಲೇಥು, ವೆಲ್ಡಿಂಗ್ ಬಲ್ಲ ಕೈಗಳಿಗೆ ಬರವಿಲ್ಲ. ಅವರ ಮುಂದೆ ಇಡಬೇಕಾದದ್ದು ಸ್ಪಷ್ಟವಾದ ಅಳತೆ. ಭುಜದ ಬಿಂದು ಭುಜಕ್ಕಿಂತ ಕೆಳಗಿದ್ದರೆ ಬೆಲ್ಟ್ ಬೆನ್ನೆಲುಬನ್ನೇ ಕೆಳಕ್ಕೆ ಅದುಮುತ್ತದೆಂಬುದನ್ನು ಅವರಿಗೆ ಮೊದಲೇ ತಿಳಿಸತಕ್ಕದ್ದು.

ಗುಜರಿಯ ಬೆಲ್ಟ್ ಬೇಡ. ಒಮ್ಮೆ ಅಪಘಾತದ ಎಳೆತ ತಿಂದ ಪಟ್ಟಿ ಹಿಗ್ಗಿರುತ್ತದೆ. ಇತ್ತೀಚಿನ ಕಾರುಗಳ ಬೆಲ್ಟಿನಲ್ಲಂತೂ ಏರ್‌ಬ್ಯಾಗಿನ ವ್ಯವಸ್ಥೆಯೊಡನೆ ಸಿಡಿದು ಪಟ್ಟಿಯನ್ನು ಬಿಗಿಗೊಳಿಸುವ ಮದ್ದು ಇರುವುದುಂಟು; ಹಳೆಯ ಕಾರಿನಲ್ಲಿ ಅದಕ್ಕೆ ಕೆಲಸವಿಲ್ಲ, ಅಪಾಯವಿದೆ.

ಅಂಬಾಸಡರಿನ ಮುಂದಿನ ಉದ್ದನೆಯ ಸೀಟು ಮೂವರನ್ನು ಕೂಡಿಸಿಕೊಳ್ಳುವ ರೂಢಿಯದು. ಭುಜದ ಬೆಲ್ಟ್ ಸಾಧ್ಯವಾಗುವುದು ಅಂಚಿನ ಇಬ್ಬರಿಗೆ ಮಾತ್ರ. ಗುಮಾಸ್ತನನ್ನೋ ಹುಡುಗನನ್ನೋ ನಡುವೆ ಕೂಡಿಸುವ ಪದ್ಧತಿಯನ್ನು ಅಂದಿನಿಂದ ಬಿಡಬೇಕಾಗುತ್ತದೆ. ಸೀಟಿನ ಹಳಿಯ ಬೋಲ್ಟುಗಳನ್ನೂ ಅದೇ ಸಮಯಕ್ಕೆ ನೋಡಿಸುವುದು ಲೇಸು.

ಇನ್ನು ಕಾಗದಪತ್ರ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತಹ ಮಾರ್ಪಾಡನ್ನು ನಿಷೇಧಿಸುತ್ತದೆ. ಬೆಲ್ಟಿನಿಂದ ಎಂಜಿನ್ ಸಂಖ್ಯೆಯಾಗಲಿ ಇಂಧನವಾಗಲಿ ಬದಲಾಗುವುದಿಲ್ಲ. ಆದರೆ ಐವತ್ತು ವರ್ಷ ಮೀರಿದ ಕಾರನ್ನು 2021ರ ಜುಲೈನಲ್ಲಿ ಬಂದ ನಿಯಮದಂತೆ ‘ವಿಎ’ ಸರಣಿಯಲ್ಲಿ ವಿಂಟೇಜ್ ಎಂದು ನೋಂದಾಯಿಸುವ ಇಚ್ಛೆಯಿದ್ದರೆ ಎಚ್ಚರಿಕೆ ಅಗತ್ಯ: ವಾಹನ ಮೂಲರೂಪದಲ್ಲಿರಬೇಕು, ಚಾಸಿ, ದೇಹದ ಕವಚ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದೆಂಬುದು ಅದರ ಷರತ್ತು. ಅಂತಹವರು ಡ್ರಿಲ್ ಹಿಡಿಯುವ ಮೊದಲು ಪ್ರಾದೇಶಿಕ ಸಾರಿಗೆ ಕಚೇರಿಗೆ ಛಾಯಾಚಿತ್ರ ಸಹಿತ ಪತ್ರ ಬರೆದು ಲಿಖಿತ ಉತ್ತರ ಪಡೆಯುವುದು ಕ್ಷೇಮ. ಅದರ ಪ್ರತಿಯನ್ನು ವಿಮಾ ಕಂಪನಿಗೂ ಕಳುಹಿಸಬೇಕು. ಕಾರು ಸಂಸ್ಥೆಯ ಹೆಸರಿನಲ್ಲಿದ್ದರೆ ಬಿಲ್ಲೂ ಸಂಸ್ಥೆಯ ಹೆಸರಿಗೇ ಬರಲಿ. ಆದರೆ ಇಂತಹ ಪ್ರಯಾಣಿಕ ಕಾರಿನ ದುರಸ್ತಿ ಸೇವೆಗೆ ತೆತ್ತ ಜಿಎಸ್‌ಟಿಯ ಹುಟ್ಟುವಳಿ ತೆರಿಗೆ ಜಮೆಯನ್ನು ಸಾಮಾನ್ಯ ವರ್ತಕರು ಪಡೆಯುವಂತಿಲ್ಲವಾದ್ದರಿಂದ, ತೆರಿಗೆಯನ್ನೂ ಖರ್ಚಿನಲ್ಲಿಯೇ ಸೇರಿಸಿ ಬರೆಯತಕ್ಕದ್ದು.