ಬಾಡಿಗೆ ಮನೆಯ ವೈಫೈ: ಗೋಡೆ ಕೊರೆಯದೆಯೂ ದಾರಿಯುಂಟು

ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಗೋಡೆಗೆ ಮೊಳೆ ಹೊಡೆಯಬಾರದೆಂಬ ಷರತ್ತು ಹೊಸತೇನಲ್ಲ. ಮನೆ ಬಿಡುವಾಗ ಬಣ್ಣದ ಖರ್ಚನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುವ ಪದ್ಧತಿಯೂ ಹಳೆಯದೇ. ಹೀಗಾಗಿ ಫೈಬರ್ ಜೋಡಿಸಲು ಬಂದವರು ಹಳೆಯ ಕೇಬಲ್ ಟಿ.ವಿ. ತೂತಿನಲ್ಲೇ ತಂತಿ ತೂರಿಸಿ, ಬಾಗಿಲ ಬಳಿಯ ಮೂಲೆಯಲ್ಲಿ ರೂಟರ್ ಇರಿಸಿ ಹೋಗುವುದುಂಟು. ಹಿಂಬದಿಯ ಕೋಣೆಯಲ್ಲಿ ಕಚೇರಿಯ ವಿಡಿಯೊ ಸಭೆ ನಡುವೆಯೇ ಕಡಿದುಹೋಗುತ್ತದೆ. ಆಗ ಅನೇಕರು ದುಬಾರಿ ಪ್ಲಾನ್‌ಗೆ ಮೊರೆಹೋಗುತ್ತಾರೆ. ಅಡ್ಡಿಯಿರುವುದು ಗೋಡೆಯಲ್ಲಾದರೆ ಆ ಹಣ ವ್ಯರ್ಥ.

ಲ್ಯಾಪ್‌ಟಾಪನ್ನು ಈಥರ್‌ನೆಟ್ ಕೇಬಲ್ ಮೂಲಕ ನೇರವಾಗಿ ರೂಟರ್‌ಗೆ ಜೋಡಿಸಿ ವೇಗ ಅಳೆಯುವುದು ಮೊದಲ ಪರೀಕ್ಷೆ. ಅಲ್ಲಿಯೂ ವೇಗ ಕುಂಠಿತವಾಗಿದ್ದರೆ ಸೇವಾ ಸಂಸ್ಥೆಗೆ ದೂರು ನೀಡಬೇಕು. ಅಲ್ಲಿ ಸರಿಯಿದ್ದು ಕೋಣೆಯಲ್ಲಿ ಕುಸಿದರೆ ಸಮಸ್ಯೆ ಮನೆಯೊಳಗಿನದು.

ಮನೆಗಳ ವೈಫೈ ಬಹುತೇಕ 2.4 ಮತ್ತು 5 ಗಿಗಾಹರ್ಟ್ಸ್ ಆವರ್ತನಗಳಲ್ಲಿ ಕೆಲಸ ಮಾಡುತ್ತದೆ. 5 ಗಿಗಾಹರ್ಟ್ಸ್ ವೇಗಶಾಲಿ, ಆದರೆ ಒಂದೆರಡು ಕಾಂಕ್ರೀಟ್ ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. 2.4 ಗಿಗಾಹರ್ಟ್ಸ್ ಗೋಡೆ ದಾಟುವುದರಲ್ಲಿ ಮೇಲು. ಆದರೆ ನೆರೆಮನೆಗಳ ರೂಟರ್, ಬ್ಲೂಟೂತ್, ಮೈಕ್ರೊವೇವ್ ಒಲೆ ಎಲ್ಲದರ ಗದ್ದಲವೂ ಅಲ್ಲೇ. ಅದರಲ್ಲಿ ಒಂದರ ಮೇಲೊಂದು ಬೀಳದೆ ಬಳಸಬಹುದಾದ ಚಾನೆಲ್‌ಗಳು ಸಾಮಾನ್ಯವಾಗಿ 1, 6 ಮತ್ತು 11 ಮಾತ್ರ. ಇವುಗಳಲ್ಲಿ ದಟ್ಟಣೆ ಕಡಿಮೆಯಿರುವುದನ್ನು ರೂಟರ್‌ನ ಸೆಟ್ಟಿಂಗ್ಸ್‌ನಲ್ಲಿ ಆರಿಸಿಕೊಳ್ಳಬಹುದು.

ರೂಟರನ್ನು ಉಕ್ಕಿನ ಬೀರು, ದೊಡ್ಡ ಕನ್ನಡಿ, ಫ್ರಿಜ್‌ಗಳ ಮರೆಯಲ್ಲಿಡದೆ ಮನೆಯ ನಡುಭಾಗದಲ್ಲಿ, ಎದೆಮಟ್ಟಕ್ಕಿಂತ ಎತ್ತರದಲ್ಲಿಡುವುದು ಲೇಸು. ಫೈಬರ್ ತಂತಿ ಗಾಜಿನದು. ಅದನ್ನು ಎಳೆದು ಮಡಚಿದರೆ ಕೆಡುತ್ತದೆ. ಆದ್ದರಿಂದ ಮೂಲ ಪೆಟ್ಟಿಗೆ ಇದ್ದಲ್ಲೇ ಇರಲಿ. ಅಲ್ಲಿಂದ ಈಥರ್‌ನೆಟ್ ಕೇಬಲನ್ನು ಸ್ಕರ್ಟಿಂಗ್ ಗುಂಟ ಒಳಕೋಣೆಗೆ ಒಯ್ದು, ಮೂಲೆ ಸೇರಿದ ಹಳೆಯ ರೂಟರ್ ಇದ್ದರೆ ಅದನ್ನೇ ಆಕ್ಸೆಸ್ ಪಾಯಿಂಟ್ ಆಗಿ ಬಳಸಬಹುದು. ಅದರ ಡಿಎಚ್‌ಸಿಪಿ ಸೌಲಭ್ಯವನ್ನು ನಿಲ್ಲಿಸಿ, ಐಪಿ ವಿಳಾಸ ಬದಲಿಸಿ, ಕೇಬಲನ್ನು ಅದರ ಲ್ಯಾನ್ ಪೋರ್ಟ್‌ಗೆ ಸಿಕ್ಕಿಸಬೇಕು. ಖರ್ಚು ಕೇಬಲ್‌ನದಷ್ಟೇ.

ರಿಪೀಟರ್ ಕೊಂಡವರ ಸಾಮಾನ್ಯ ತಪ್ಪೆಂದರೆ ಸಿಗ್ನಲ್ ಇಲ್ಲದ ಕೋಣೆಯಲ್ಲೇ ಅದನ್ನಿಡುವುದು. ಸಿಗ್ನಲ್ಲೇ ಸಿಗದಿದ್ದರೆ ಅದು ಮುಂದಕ್ಕೆ ಕಳುಹಿಸುವುದಾದರೂ ಏನನ್ನು? ಸಿಗ್ನಲ್ ಇನ್ನೂ ಚೆನ್ನಾಗಿರುವ ನಡುದಾರಿಯೇ ಅದರ ಜಾಗ. ಒಂದೇ ಆವರ್ತನದ ರಿಪೀಟರ್‌ನಲ್ಲಿ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದೂ ನೆನಪಿರಲಿ. ಮೆಶ್ ಉಪಕರಣ ದುಬಾರಿಯಾದರೂ ಮನೆ ಬದಲಿಸುವಾಗ ಜೊತೆಗೇ ಒಯ್ಯಬಹುದು.

ಕೇಬಲ್ ಹಿಡಿಸಲು ಅಂಟುವ ಕ್ಲಿಪ್‌ಗಳು ಸಾಕು. ಮನೆ ಖಾಲಿ ಮಾಡುವಾಗ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ನಿಧಾನವಾಗಿ ತೆಗೆದರೆ ಗೋಡೆಯ ಬಣ್ಣ ಕಿತ್ತುಬರುವ ಸಂಭವ ಕಡಿಮೆ.