ಕಾಯಸಿದ್ಧಿಯೂ ಮುಪ್ಪೂ

ಮುಪ್ಪನ್ನು ಗೆಲ್ಲಬೇಕೆಂಬ ಹಂಬಲ ಇಂದು ನಿನ್ನೆಯದಲ್ಲ. ಅಳಿವಿಲ್ಲದ ದೇಹಕ್ಕಾಗಿ ಸಿದ್ಧರು ಕೈಗೊಂಡ ಸಾಧನೆಗೆ ಕಾಯಸಿದ್ಧಿಯೆಂದು ಹೆಸರು. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಬರುವ ಗೋರಕ್ಷನ ಪ್ರಸಂಗ ಇದರ ಬೆಲೆಯನ್ನೇ ಒರೆಗೆ ಹಚ್ಚುತ್ತದೆ. ಗೋರಕ್ಷನ ವಜ್ರಕಾಯಕ್ಕೆ ಖಡ್ಗ ತಾಗಿದಾಗ ಸದ್ದು ಮೊಳಗಿತು. ಅಲ್ಲಮಪ್ರಭುದೇವರ ಕಾಯದಲ್ಲಿ ಅದು ಬಯಲಲ್ಲಿ ಬೀಸಿದಂತೆ ಹಾಯ್ದುಹೋಯಿತು. ದೇಹ ಗಟ್ಟಿಗೊಂಡಂತೆ ದೇಹಾಭಿಮಾನವೂ ಗಟ್ಟಿಗೊಂಡಿತೆಂಬುದೇ ಇಲ್ಲಿಯ ಧ್ವನಿ.

ಇಂದು ಆ ಸಾಧನೆ ಪ್ರಯೋಗಶಾಲೆಯನ್ನು ಹೊಕ್ಕಿದೆ. ಮಾನವನ ಸಾಮಾನ್ಯ ಜೀವಕೋಶಗಳು ಸುಮಾರು 50 ಬಾರಿ ವಿಭಜನೆಗೊಂಡು ನಿಲ್ಲುತ್ತವೆಂದು 1961ರಲ್ಲಿ ಹೇಫ್ಲಿಕ್ ಮತ್ತು ಮೂರ್‌ಹೆಡ್ ತೋರಿಸಿದರು. 2006ರಲ್ಲಿ ಜಪಾನಿನ ಯಮನಾಕ ಮತ್ತು ತಕಾಹಾಶಿ ನಾಲ್ಕು ಜೀನುಗಳ ನೆರವಿನಿಂದ ಇಲಿಯ ಬೆಳೆದ ಕೋಶಗಳನ್ನು ಭ್ರೂಣಸದೃಶವಾದ ಆದಿಸ್ಥಿತಿಗೆ ಮರಳಿಸಿದರು. ಆದರೆ ಆ ನಾಲ್ಕರಲ್ಲೊಂದು ಕ್ಯಾನ್ಸರಿಗೂ ಕಾರಣವಾಗಬಲ್ಲುದು. ಮಿತಿಮರೆತು ಬೆಳೆಯುವ ಕೋಶವೇ ಕ್ಯಾನ್ಸರಲ್ಲವೆ? ಮಿತಿಯೆಂಬುದು ದೇಹಕ್ಕೆ ಕಾವಲೂ ಹೌದು.

ಹಾಗಾದರೆ ಈ ಯತ್ನವೆಲ್ಲವೂ ತ್ಯಾಜ್ಯವೆ? ಅಲ್ಲ. ಶರಣರು ದೇಹದಂಡನೆಯನ್ನು ಒಪ್ಪಿದವರಲ್ಲ, ಕಾಯವಿಲ್ಲದೆ ಕಾಯಕವಿಲ್ಲ. ವೃದ್ಧರ ಕಣ್ಣಿನ ಪೊರೆ ತೆಗೆಯುವುದು, ಮರೆವಿನ ರೋಗಕ್ಕೆ ಮದ್ದನ್ನು ಅರಸುವುದು ದಯೆಯ ಕಾರ್ಯಗಳೇ ಸರಿ. ಮುಪ್ಪನ್ನೇ ಇಲ್ಲವಾಗಿಸುವ ಆಸೆ ಬೇರೆ. ಹಿರಿಯರು ಎಂದಿಗೂ ಎಡೆ ತೆರವು ಮಾಡದಿದ್ದರೆ ಕಿರಿಯರು ನಿಲ್ಲುವುದೆಲ್ಲಿ? ಉಳ್ಳವರಿಗೆ ಮಾತ್ರ ದೊರೆಯುವ ಯೌವನ ಇನ್ನೊಂದು ಭೇದವನ್ನೇ ಹುಟ್ಟಿಸೀತು.

ನರೆತೆರೆಗಳು ಬರುವ ಮುನ್ನವೇ ಪೂಜೆಗೆ ತೊಡಗಬೇಕೆಂದು ಬಸವಣ್ಣನವರು ಎಚ್ಚರಿಸಿದರೇ ಹೊರತು, ಅವುಗಳನ್ನು ತಡೆಯುವ ಉಪಾಯವನ್ನು ಬೋಧಿಸಲಿಲ್ಲ. ಆಯುಷ್ಯ ಎಷ್ಟು ಬೆಳೆಯಿತೆಂಬುದಕ್ಕಿಂತ ಅದು ಯಾವುದಕ್ಕೆ ಸಂದಿತೆಂಬುದೇ ಮುಖ್ಯವೆಂಬುದನ್ನು ಸಾಧಕರು ಮನಗಾಣಬೇಕು.